ಮಕ್ಕಳ ರಕ್ತ ಕ್ಯಾನ್ಸರ್: ಅಸ್ಥಿಮಜ್ಜೆ ಕಸಿ ಮತ್ತು ರೋಗನಿರೋಧಕ ಚಿಕಿತ್ಸೆ

(ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲ್ಲೂಕುಗಳ ಪಾಲಕರ ಮಾಹಿತಿಗಾಗಿ)

ರೋಗಲಕ್ಷಣಗಳು

ರಕ್ತ ಕ್ಯಾನ್ಸರ್ ಎಲುಬಿನೊಳಗಿನ ಮಜ್ಜೆಯಲ್ಲಿ ಆರಂಭವಾಗುತ್ತದೆ. ವಾಸಿಯಾಗದ ಜ್ವರ, ಬಿಳಿಚಿಕೊಂಡ ಮೈಬಣ್ಣ, ಚರ್ಮದ ಮೇಲೆ ಕೆಂಪು ಚುಕ್ಕೆಗಳು, ವಸಡಿನಲ್ಲಿ ರಕ್ತಸ್ರಾವ, ಕೈಕಾಲು ನೋವು ಹಾಗೂ ಕುತ್ತಿಗೆಯ ಗಂಟುಗಳು ಕಂಡುಬಂದಲ್ಲಿ ವಿಳಂಬವಿಲ್ಲದೆ ರಕ್ತ ಪರೀಕ್ಷೆ ಮಾಡಿಸತಕ್ಕದ್ದು.

ಮೊದಲ ಚಿಕಿತ್ಸೆ

ಕಿಮೋಥೆರಪಿಯೇ ಮೊದಲ ಚಿಕಿತ್ಸೆ. ಮಕ್ಕಳಲ್ಲಿ ಹೆಚ್ಚಾಗಿ ಕಂಡುಬರುವ ಲಿಂಫೋಬ್ಲಾಸ್ಟಿಕ್ ವಿಧಕ್ಕೆ ಇದು ಎರಡರಿಂದ ಮೂರು ವರ್ಷ ನಡೆಯುತ್ತದೆ. ಪೂರ್ಣ ಚಿಕಿತ್ಸೆ ಪಡೆದ ಬಹುತೇಕ ಮಕ್ಕಳು ಗುಣಮುಖರಾಗುತ್ತಾರೆ. ಮಗು ಚೇತರಿಸಿಕೊಂಡಂತೆ ಕಂಡರೂ ಚಿಕಿತ್ಸೆಯನ್ನು ನಡುವೆ ನಿಲ್ಲಿಸಬಾರದು.

ಅಸ್ಥಿಮಜ್ಜೆ ಕಸಿ

ರೋಗ ಮರುಕಳಿಸಿದ ಅಥವಾ ಔಷಧಿಗೆ ಮಣಿಯದ ಮಕ್ಕಳಿಗೆ ಕಸಿಯನ್ನು ಪರಿಶೀಲಿಸಲಾಗುವುದು. ದಾನಿಯ ಆಕರ ಕೋಶಗಳು ಮಗುವಿನಲ್ಲಿ ಹೊಸ ಮಜ್ಜೆಯನ್ನು ರೂಪಿಸುತ್ತವೆ. ಒಡಹುಟ್ಟಿದ ಒಬ್ಬರ ಮಜ್ಜೆ ಪೂರ್ಣವಾಗಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ತಂದೆ ಅಥವಾ ತಾಯಿಯ ಅರ್ಧ ಹೊಂದಾಣಿಕೆಯ ಕಸಿಯೂ ಸಾಧ್ಯ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ 1983ರಲ್ಲಿ ಭಾರತದ ಪ್ರಥಮ ಅಸ್ಥಿಮಜ್ಜೆ ಕಸಿ ನಡೆಯಿತು.

ರೋಗನಿರೋಧಕ ಚಿಕಿತ್ಸೆ

ದಾನಿಯ ರೋಗನಿರೋಧಕ ಕೋಶಗಳು ಉಳಿದ ಕ್ಯಾನ್ಸರ್ ಕೋಶಗಳನ್ನು ನಾಶಪಡಿಸುವುದು ಕಸಿಯ ಅನುಭವದಿಂದಲೇ ತಿಳಿದುಬಂದಿತು. ಕಾರ್-ಟಿ ಚಿಕಿತ್ಸೆಯಲ್ಲಿ ರೋಗಿಯ ಸ್ವಂತ ಟಿ-ಕೋಶಗಳನ್ನು ಹೊರತೆಗೆದು, ಕ್ಯಾನ್ಸರ್ ಕೋಶವನ್ನು ಗುರುತಿಸುವಂತೆ ಮಾರ್ಪಡಿಸಿ, ಮರಳಿ ನೀಡಲಾಗುತ್ತದೆ. 2017ರಲ್ಲಿ ಅಮೆರಿಕದಲ್ಲಿ 25 ವರ್ಷದವರೆಗಿನ ರೋಗಿಗಳಿಗೆ ಇದನ್ನು ಅನುಮೋದಿಸಲಾಯಿತು. ಬಾಂಬೆ ಐಐಟಿ ಮತ್ತು ಟಾಟಾ ಸ್ಮಾರಕ ಕೇಂದ್ರದ ಸಂಶೋಧನೆಯಿಂದ ರೂಪುಗೊಂಡ ನೆಕ್ಸ್‌ಕಾರ್19ಕ್ಕೆ 2023ರ ಅಕ್ಟೋಬರ್‌ನಲ್ಲಿ ದೊರೆತ ಅನುಮತಿಯು 15 ವರ್ಷ ಮತ್ತು ಮೇಲ್ಪಟ್ಟವರಿಗೆ ಅನ್ವಯಿಸುತ್ತದೆ.

ಸಂಶೋಧನೆಯಲ್ಲಿ ಪಾಲ್ಗೊಳ್ಳುವವರಿಗೆ

2019ರ ನಿಯಮಗಳ ಪ್ರಕಾರ ಪಾಲಕರ ಲಿಖಿತ ಒಪ್ಪಿಗೆ ಕಡ್ಡಾಯ. ತಿಳಿವಳಿಕೆಯುಳ್ಳ ಮಗುವಿನ ಸಮ್ಮತಿಯನ್ನೂ ಪಡೆಯತಕ್ಕದ್ದು. ಯಾವ ಹಂತದಲ್ಲಾದರೂ ಹಿಂದೆ ಸರಿಯುವ ಹಕ್ಕಿದೆ. ಹಾಗೆ ಸರಿದ ಕಾರಣಕ್ಕೆ ಸಾಮಾನ್ಯ ಚಿಕಿತ್ಸೆಯನ್ನು ನಿರಾಕರಿಸುವಂತಿಲ್ಲ.

ಸೌಲಭ್ಯ ಪಡೆಯುವ ವಿಧಾನ

1. ಮೊದಲು ಗೋಕಾಕ, ಹುಕ್ಕೇರಿ ಅಥವಾ ಮೂಡಲಗಿಯ ಸರ್ಕಾರಿ ಆಸ್ಪತ್ರೆಯಲ್ಲಿ ತಪಾಸಣೆ ಮಾಡಿಸಿ, ಶಿಫಾರಸು ಪತ್ರ ಪಡೆಯುವುದು.
2. ಪತ್ರದೊಂದಿಗೆ ಪಡಿತರ ಚೀಟಿ, ಆಧಾರ್ ಮತ್ತು ರಕ್ತ ಪರೀಕ್ಷೆಯ ವರದಿಗಳನ್ನು ಇಟ್ಟುಕೊಳ್ಳುವುದು.
3. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ನೆರವು ಲಭ್ಯ. ಇತರರಿಗೆ ನಿಗದಿತ ದರದ ಶೇ. 30ರಷ್ಟು, ಗರಿಷ್ಠ 1.5 ಲಕ್ಷ ರೂ.
4. ಕಸಿ ಅಥವಾ ಹೊಸ ಚಿಕಿತ್ಸೆಯ ವೆಚ್ಚ ಯೋಜನೆಯ ವ್ಯಾಪ್ತಿಗೆ ಬರುವುದೇ ಎಂಬುದನ್ನು ದಾಖಲಾಗುವ ಮುನ್ನವೇ ಆಸ್ಪತ್ರೆಯ ಆರೋಗ್ಯಮಿತ್ರರಲ್ಲಿ ವಿಚಾರಿಸಿಕೊಳ್ಳುವುದು.

ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯಲ್ಲಿ ಮಕ್ಕಳ ಕ್ಯಾನ್ಸರ್ ವಿಭಾಗವಿದೆ. ದೂರದ ಪ್ರಯಾಣಕ್ಕೆ ಅಂಜಿ ಚಿಕಿತ್ಸೆಯನ್ನು ಮುಂದೂಡದಿರಲು ಪಾಲಕರಲ್ಲಿ ಕೋರಲಾಗಿದೆ.