ಕೊಟ್ಟಿಗೆಯ ವೈರಸ್, ತೊಟ್ಟಿಲ ಕೂಸು

ಮಕ್ಕಳ ಭೇದಿಯ ಚರಿತ್ರೆಯನ್ನು ಕೊಟ್ಟಿಗೆಯನ್ನು ಬಿಟ್ಟು ಬರೆಯಲಾಗದು. 1980ರ ದಶಕದ ಕೊನೆಯಲ್ಲಿ ಬೆಂಗಳೂರಿನ ನವಜಾತ ಶಿಶುಗಳಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಸಿ. ದುರ್ಗಾ ರಾವ್ ಅವರ ತಂಡ ಗುರುತಿಸಿದ ಮಕ್ಕಳಿಗೆ ಭೇದಿ ತರುವ ರೋಟಾವೈರಸ್ಸಿನ ಐ321 ಎಂಬ ತಳಿಯೇ ಇದಕ್ಕೆ ಗಟ್ಟಿ ಪುರಾವೆ. ಅದರ 11 ಆರ್‌ಎನ್‌ಎ ತುಂಡುಗಳಲ್ಲಿ 9 ದನದ ವೈರಸ್ಸಿನವು, ಎರಡು ಮಾತ್ರ ಮನುಷ್ಯರ ವೈರಸ್ಸಿನವು. ಈ ಬೆರಕೆಯ ಮೂಲ ಇರುವುದು ವೈರಸ್ ನಕಲಾಗುವ ಕ್ರಮದಲ್ಲಿ. ಜೀವಕೋಶ ಹೊಕ್ಕ ವೈರಸ್ ಹೊರಪದರವನ್ನಷ್ಟೇ ಕಳಚುತ್ತದೆ. ಚಿಪ್ಪಿನೊಳಗೇ ಉಳಿದ ವಿಪಿ1 ಎಂಬ ಕಿಣ್ವ ಒಂದೊಂದು ತುಂಡಿನಿಂದಲೂ ಪ್ರತಿ ತೆಗೆದು ಹೊರಬಿಡುತ್ತದೆ. ಒಂದೇ ಕೋಶಕ್ಕೆ ಎರಡು ತಳಿ ನುಗ್ಗಿದರೆ ಹೊಸ ಚಿಪ್ಪುಗಳಲ್ಲಿ ಎರಡರ ತುಂಡುಗಳೂ ಸೇರಿಹೋಗಬಹುದು.

ಹಾಗಾದರೆ ದನಕರುಗಳ ಊರಿಗೆ ಇದರಿಂದ ಕೇಡೇ ಎಂದು ಯಾರಾದರೂ ಕೇಳಬಹುದು. ಪುರಾವೆ ಹಾಗೆ ಹೇಳುವುದಿಲ್ಲ. ಐ321 ಸೋಂಕಿದ ಆ ಶಿಶುಗಳಲ್ಲಿ ಭೇದಿಯ ಲಕ್ಷಣವೇ ಇರಲಿಲ್ಲ. ದೆಹಲಿಯ ಕೂಸುಗಳಲ್ಲಿ ಸಿಕ್ಕ 116ಇ ತಳಿಯಲ್ಲೂ ದನದ ಒಂದು ಜೀನ್ ಬೆರೆತಿತ್ತು. ಅದರಿಂದಲೇ ರೋಟಾವ್ಯಾಕ್ ಲಸಿಕೆ ಹುಟ್ಟಿತು, 2016ರಲ್ಲಿ ರಾಷ್ಟ್ರೀಯ ಲಸಿಕಾ ಕಾರ್ಯಕ್ರಮವನ್ನೂ ಸೇರಿತು.