ಕಾಣದ ಕ್ಲಾಸಿನ ಶೋಧ: ಜಾವಾ ಆಪ್ಲೆಟ್ಟುಗಳ ದೋಷನಿದಾನ ಬೆಳೆದುಬಂದ ಬಗೆ

1995ರ ಮೇ ತಿಂಗಳಿನಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯು ಜಾವಾ ಭಾಷೆಯನ್ನೂ, ಆ ಭಾಷೆಯಲ್ಲಿಯೇ ರಚಿತವಾದ ಹಾಟ್‌ಜಾವಾ ಎಂಬ ಬ್ರೌಸರನ್ನೂ ಲೋಕದ ಮುಂದಿಟ್ಟಿತು. ಮರುವರ್ಷ ನೆಟ್‌ಸ್ಕೇಪ್ ನ್ಯಾವಿಗೇಟರಿನ ಎರಡನೆಯ ಆವೃತ್ತಿಯು ವೆಬ್ ಪುಟದೊಳಗೆ ಓಡುವ ಜಾವಾ ಪ್ರೋಗ್ರಾಮುಗಳಾದ ಆಪ್ಲೆಟ್ಟುಗಳನ್ನು ಜನಸಾಮಾನ್ಯರ ಮೇಜಿನವರೆಗೆ ತಂದಿತು. ಅವುಗಳೊಡನೆಯೇ ಬಂದುದು ಬೂದುಬಣ್ಣದ ಬರಿಯ ಚೌಕ, ಮತ್ತು ಇಂಥ ಕ್ಲಾಸು ಸಿಕ್ಕಲಿಲ್ಲವಾದುದರಿಂದ ಆಪ್ಲೆಟ್ಟು ಆರಂಭವಾಗದೆಂಬ ಒಂದು ಸಾಲು. ಏನು ಕಾಣೆಯಾಗಿದೆಯೆಂಬುದನ್ನು ಆ ಸಾಲು ಹೇಳುತ್ತಿದ್ದಿತೇ ಹೊರತು ಏಕೆ ಕಾಣೆಯಾಯಿತೆಂಬುದನ್ನು ಹೇಳುತ್ತಿರಲಿಲ್ಲ. ಕಾರಣವು ಬಹುಮಟ್ಟಿಗೆ ಆ ಕ್ಲಾಸಿನಲ್ಲಿರದೆ, ಅದು ಬರಬೇಕಾದ ದಾರಿಯಲ್ಲಿ ಎಲ್ಲಿಯೋ ಇರುತ್ತಿದ್ದಿತು.

ಆ ದಾರಿ ಮೇಲ್ನೋಟಕ್ಕೆ ಸರಳವಾದುದೇ. ಪುಟದಲ್ಲಿರುವ ಆಪ್ಲೆಟ್ ಟ್ಯಾಗು ಕ್ಲಾಸಿನ ಹೆಸರನ್ನೂ, ಕೋಡ್‌ಬೇಸ್ ಎಂಬ ಮೂಲವಿಳಾಸವನ್ನೂ ಕೊಡುತ್ತದೆ. ಕ್ಲಾಸ್ ಲೋಡರು ಹೆಸರಿನೊಳಗಿನ ಚುಕ್ಕೆಗಳನ್ನು ಓರೆಗೆರೆಗಳಾಗಿ ಮಾರ್ಪಡಿಸಿ, ಆ ವಿಳಾಸಕ್ಕೆ ಜೋಡಿಸಿ, ಒಂದೊಂದು ಕಡತವನ್ನೂ ಸರ್ವರಿನಿಂದ ಬೇರೆಬೇರೆಯಾಗಿ ಬೇಡುತ್ತದೆ. ಆದರೆ ವಿಂಡೋಸ್ ಯಂತ್ರದಲ್ಲಿ ದೊಡ್ಡಕ್ಷರ, ಚಿಕ್ಕಕ್ಷರಗಳ ಭೇದವಿಲ್ಲದೆ ನಡೆದ ಹೆಸರು ಯೂನಿಕ್ಸ್ ಸರ್ವರಿನಲ್ಲಿ ನಡೆಯುತ್ತಿರಲಿಲ್ಲ. ಎಫ್‌ಟಿಪಿಯ ಪಠ್ಯ ವಿಧಾನದಲ್ಲಿ ಕಳುಹಿಸಿದ ಕಡತವು ಹೆಸರಿನಿಂದ ಸರಿಯಾಗಿದ್ದರೂ ಒಳಗಿನ ಬೈಟುಗಳಲ್ಲಿ ಕೆಟ್ಟಿರುತ್ತಿದ್ದಿತು. ಪ್ಯಾಕೇಜಿಗೆ ಸೇರಿದ ಕ್ಲಾಸನ್ನು ಅದಕ್ಕೆ ತಕ್ಕ ಕಡತಕೋಶದಲ್ಲಿರಿಸದೆ ಹೊರಗಿಟ್ಟರೆ ತಪ್ಪು ಹೆಸರೆಂಬ ಆಕ್ಷೇಪಣೆ ಏಳುತ್ತಿದ್ದಿತು. 1997ರ ಜೆಡಿಕೆ 1.1ರಲ್ಲಿ ಒಳಕ್ಲಾಸುಗಳು ಬಂದ ಬಳಿಕ, ಹೆಸರಿನ ನಡುವೆ ಡಾಲರ್ ಚಿಹ್ನೆಯನ್ನು ಹೊತ್ತ ಕಡತಗಳನ್ನು ಸರ್ವರಿಗೆ ಏರಿಸಲು ಮರೆಯುವುದು ಹೊಸ ಪ್ರಮಾದವಾಯಿತು. ಇವೆಲ್ಲಕ್ಕಿಂತಲೂ ವಂಚಕವಾದುದು ರಚನಕಾರನ ಸ್ವಂತ ಯಂತ್ರದ ಕ್ಲಾಸ್‌ಪಾತು: ಸರ್ವರಿನಲ್ಲಿ ಇಲ್ಲದ ಕ್ಲಾಸನ್ನು ಅದು ಸದ್ದಿಲ್ಲದೆ ಒದಗಿಸುತ್ತಿದ್ದುದರಿಂದ, ಅವನ ಮನೆಯಲ್ಲಿ ಓಡಿದ ಆಪ್ಲೆಟ್ಟು ಪರರ ಮನೆಯಲ್ಲಿ ನಿಲ್ಲುತ್ತಿದ್ದಿತು.

ಈ ದೋಷಗಳಲ್ಲೆಲ್ಲ ನನಗೆ ಅತ್ಯಂತ ಸ್ವಾರಸ್ಯವಾಗಿ ತೋರುವುದು ಒಂದು ಸಂಖ್ಯೆಯ ವೃತ್ತಾಂತ. ಪ್ರತಿಯೊಂದು ಕ್ಲಾಸ್ ಕಡತವೂ, ಹದಿನಾರರ ಮಾನದಲ್ಲಿ ಬರೆದರೆ ಕೆಫೆಬೇಬ್ ಎಂದು ಓದಬಹುದಾದ ನಾಲ್ಕು ಬೈಟುಗಳಿಂದ ಆರಂಭವಾಗತಕ್ಕದ್ದು. ಬೇಡಿದ ಕಡತವಿಲ್ಲದಾಗ ಸರ್ವರು 404 ಎಂಬ ಉತ್ತರವನ್ನು ನೇರವಾಗಿ ಕೊಟ್ಟರೆ ಕ್ಲಾಸ್ ನಾಟ್ ಫೌಂಡ್ ಎಂಬ ಪ್ರಾಮಾಣಿಕ ದೋಷ ಹುಟ್ಟುತ್ತದೆ. ಹಾಗಲ್ಲದೆ, ಕೇಳಿದ ಸರಕು ಇಲ್ಲವೆನ್ನಲು ಸಂಕೋಚಪಟ್ಟು ಬೇರೇನನ್ನೋ ಕಟ್ಟಿಕೊಡುವ ಅಂಗಡಿಯವನಂತೆ, 200 ಎಂಬ ಯಶಸ್ಸಿನ ಸಂಕೇತದೊಡನೆ ಒಂದು ಕ್ಷಮಾಪಣೆಯ ಪುಟವನ್ನೋ ಲಾಗಿನ್ ಪುಟವನ್ನೋ ಕಳುಹಿಸಿದರೆ, ಲೋಡರು ಆ ಪುಟವನ್ನೇ ಕ್ಲಾಸೆಂದು ಬಗೆದು ಓದತೊಡಗಿ, ಮ್ಯಾಜಿಕ್ ಸಂಖ್ಯೆ 1013478509 ಹೊಂದುವುದಿಲ್ಲವೆಂದು ಕೂಗಿಕೊಳ್ಳುತ್ತದೆ. ಪುಟದ ಮೊದಲ ನಾಲ್ಕು ಚಿಹ್ನೆಗಳನ್ನು, ಎಂದರೆ ಮೊನಚು ಆವರಣವನ್ನೂ ಎಚ್, ಟಿ, ಎಮ್ ಎಂಬ ಚಿಕ್ಕಕ್ಷರಗಳನ್ನೂ, ಒಂದೇ ಪೂರ್ಣಾಂಕವಾಗಿ ಎಣಿಸಿದರೆ ಬರುವ ಮೊತ್ತವೇ ಅದು. ಬಲ್ಲವನು ಆ ಅಂಕಿಯನ್ನು ಕಂಡೊಡನೆ ಜಾವಾವನ್ನು ಬಿಟ್ಟು ಸರ್ವರಿನ ಕಡೆಗೆ ತಿರುಗುತ್ತಾನೆ; ಅರಿಯದವನು ಕ್ಲಾಸನ್ನೇ ಮತ್ತೆ ಮತ್ತೆ ಕಂಪೈಲ್ ಮಾಡುತ್ತ ಕೂರುತ್ತಾನೆ.

ಲೋಡರಿನ ಸ್ವರೂಪವನ್ನು ಕುರಿತ ಶಾಸ್ತ್ರೀಯ ವಿಚಾರವೂ ಇದೇ ಕಾಲದ್ದು. 1996ರಲ್ಲಿ ಪ್ರಿನ್ಸ್‌ಟನ್ನಿನ ಡೀನ್, ಫೆಲ್ಟನ್, ವಾಲಕ್ ಎಂಬವರು ಕ್ಲಾಸ್ ಲೋಡರಿನ ಮೂಲಕವೇ ಭದ್ರತೆಯನ್ನು ಭೇದಿಸಬಹುದೆಂದು ತೋರಿಸಿದರು. 1998ರಲ್ಲಿ ಲಿಯಾಂಗ್ ಮತ್ತು ಬ್ರಾಚಾ ಅವರ ಪ್ರಬಂಧವು ಲೋಡರುಗಳ ಪರಸ್ಪರ ಸಂಬಂಧವನ್ನು ವಿಶದಪಡಿಸಿತು. ಅದೇ ವರ್ಷದ ಜೆಡಿಕೆ 1.2ರಿಂದ, ಬೇಡಿಕೆಯನ್ನು ಮೊದಲು ಮಾತೃ ಲೋಡರಿಗೆ ಒಪ್ಪಿಸುವ ಪದ್ಧತಿ ನೆಲೆಗೊಂಡಿತು.

ಹಲವು ಕ್ಲಾಸುಗಳನ್ನು ಒಂದೇ ಕಟ್ಟಾಗಿ ಒಯ್ಯುವ ಜಾರ್ ಕಡತಗಳು ಬಂದ ಮೇಲೆ ಹತ್ತಾರು ಬೇಡಿಕೆಗಳ ಜಾಗದಲ್ಲಿ ಒಂದೇ ಬೇಡಿಕೆ ಸಾಕಾಯಿತು. ಆದರೂ ಜಾರಿನಲ್ಲಿ ಇಲ್ಲದುದಕ್ಕಾಗಿ ಲೋಡರು ಕೋಡ್‌ಬೇಸಿನ ಬಾಗಿಲನ್ನು ತಟ್ಟುತ್ತಲೇ ಇದ್ದು, ಸರ್ವರಿನ ಲಾಗು 404ಗಳಿಂದ ತುಂಬುತ್ತಿದ್ದಿತು. ಕೋಡ್‌ಬೇಸ್ ಲುಕಪ್ ಎಂಬ ನಿಯತಾಂಕವನ್ನು ಫಾಲ್ಸ್ ಎಂದಿರಿಸಿ ಅದನ್ನು ತಡೆಯಬೇಕಾಯಿತು. ಸನ್ ಸಂಸ್ಥೆಯ ಪ್ಲಗ್‌ಇನ್ನು ಒದಗಿಸಿದ ಜಾವಾ ಕನ್ಸೋಲಿನಲ್ಲಿ ಎಲ್ ಕೀಲಿಯನ್ನು ಒತ್ತಿದರೆ ಲೋಡರುಗಳ ಪಟ್ಟಿ ಕಾಣುತ್ತಿದ್ದಿತು, ಎಕ್ಸ್ ಒತ್ತಿದರೆ ಅವುಗಳ ಕ್ಯಾಶು ಬರಿದಾಗುತ್ತಿದ್ದಿತು, 5 ಒತ್ತಿದರೆ ಜಾಡು ಅತ್ಯಂತ ವಿವರವಾಗಿ ಮೂಡುತ್ತಿದ್ದಿತು. ಹಳೆಯ ಜಾರು ಕ್ಯಾಶಿನಲ್ಲಿ ಉಳಿದು ಹೊಸದನ್ನು ಮರೆಮಾಡುವ ಪೀಡೆಗೆ ಈ ಎಕ್ಸ್ ಕೀಲಿಯೊಂದೇ ಸಾಲದೆ, ಬ್ರೌಸರನ್ನೇ ಮುಚ್ಚಿ ತೆರೆಯಬೇಕಾದ ಸಂದರ್ಭಗಳೂ ಉಂಟು.

ಅನಂತರದ ಕಲಹ ಆವೃತ್ತಿಗಳದು. ಮೈಕ್ರೋಸಾಫ್ಟಿನ ಜಾವಾ ಯಂತ್ರವು ಸನ್ ಸಂಸ್ಥೆಯು 1997ರಲ್ಲಿ ಹೂಡಿದ ವ್ಯಾಜ್ಯದಿಂದಾಗಿ 1.1ರ ಮಟ್ಟದಲ್ಲಿಯೇ ನಿಂತುಹೋಗಿ, ಹೊಸ ಗ್ರಂಥಾಲಯಗಳನ್ನು ನೆಚ್ಚಿದ ಆಪ್ಲೆಟ್ಟುಗಳು ಅಲ್ಲಿ ಅನಾಥವಾದುವು. ಕ್ಲಾಸ್ ಕಡತದ ಆವೃತ್ತಿ ಜಾವಾ 5ಕ್ಕೆ 49, ಜಾವಾ 8ಕ್ಕೆ 52. ಬಳಕೆದಾರನ ಯಂತ್ರ ಅದಕ್ಕಿಂತ ಹಿಂದಿನದಾದರೆ ಕ್ಲಾಸು ಕೈಗೆ ಬಂದರೂ ತೆರೆಯದು.

ಕೊನೆಯ ಘಟ್ಟದಲ್ಲಿ ಕ್ಲಾಸು ಸಿಕ್ಕರೂ ಅನುಮತಿ ಸಿಕ್ಕದಾಯಿತು. 2014ರ ಜನವರಿಯ ಜಾವಾ 7ರ 51ನೆಯ ಪರಿಷ್ಕರಣವು ಜಾರಿನೊಳಗಿನ ವಿವರಪಟ್ಟಿಯಾದ ಮ್ಯಾನಿಫೆಸ್ಟಿನಲ್ಲಿ ಪರ್ಮಿಷನ್ಸ್ ಎಂಬ ನಮೂದನ್ನು ಕಡ್ಡಾಯಗೊಳಿಸಿತು. ನಮ್ಮ ದೇಶದ ವಿದ್ಯುನ್ಮಾನ ಟೆಂಡರ್ ತಾಣಗಳು ಡಿಜಿಟಲ್ ಸಹಿಗಾಗಿ ಆಪ್ಲೆಟ್ಟುಗಳನ್ನು ನಂಬಿದ್ದುದರಿಂದ, ವಿನಾಯಿತಿ ತಾಣಗಳ ಪಟ್ಟಿಗೆ ಸರ್ವರಿನ ವಿಳಾಸವನ್ನು ಸೇರಿಸುವ ವಿದ್ಯೆಯನ್ನು ಗುತ್ತಿಗೆದಾರರು ಕೂಡ ಕಲಿಯಬೇಕಾಗಿ ಬಂದಿತು. 2015ರಲ್ಲಿ ಕ್ರೋಮ್, 2017ರಲ್ಲಿ ಫೈರ್‌ಫಾಕ್ಸ್ ಪ್ಲಗ್‌ಇನ್ನಿಗೆ ಆಶ್ರಯವನ್ನು ನಿರಾಕರಿಸಿದುವು. 2018ರ ಜಾವಾ 11ರಲ್ಲಿ ಪ್ಲಗ್‌ಇನ್ನೂ ಇಲ್ಲ, ಆಪ್ಲೆಟ್‌ವ್ಯೂಅರೂ ಇಲ್ಲ. ಈಗ ಹಳೆಯ ಆಪ್ಲೆಟ್ಟುಗಳನ್ನು ಬ್ರೌಸರಿನೊಳಗೇ ಮತ್ತೆ ಓಡಿಸುವ ಚೀರ್ಪ್‌ಜೆ ಮೊದಲಾದ ಸಾಧನಗಳುಂಟು. ಅಲ್ಲಿ ಜಾರು ಬಾರದಿದ್ದರೆ ಬ್ರೌಸರಿನ ನೆಟ್‌ವರ್ಕ್ ಫಲಕವನ್ನು ತೆರೆದು, ವಿಳಾಸವನ್ನೂ ಸರ್ವರು ಕೊಟ್ಟ ಸಂಕೇತವನ್ನೂ ಮೊದಲು ನೋಡತಕ್ಕದ್ದು.