ಮೈಸೂರು ಕಳೆದುಕೊಂಡ ಒಂದು ಗಳಿಗೆ

ಮೈಸೂರಿನಲ್ಲಿ ಗಡಿಯಾರ ಮಧ್ಯಾಹ್ನ ಹನ್ನೆರಡು ತೋರಿಸುವ ಹೊತ್ತಿಗೆ ಸೂರ್ಯ ಸಾಮಾನ್ಯವಾಗಿ ನೆತ್ತಿಯ ಮೇಲೆ ಬಂದಿರುವುದಿಲ್ಲ. ವರ್ಷದ ಸರಾಸರಿ ತೆಗೆದರೆ ಅವನು ಅಲ್ಲಿಗೆ ತಲುಪುವುದು ಸುಮಾರು 12 ಗಂಟೆ 23 ನಿಮಿಷಕ್ಕೆ. ಭಾರತೀಯ ಕಾಲಮಾನಕ್ಕೆ ಆಧಾರವಾದ 82.5 ಡಿಗ್ರಿ ರೇಖಾಂಶ ಉತ್ತರ ಪ್ರದೇಶದ ಮಿರ್ಜಾಪುರದ ಬಳಿ ಹಾದುಹೋಗುತ್ತದೆ. ಮೈಸೂರು ಇರುವುದು ಅದಕ್ಕಿಂತ ಸುಮಾರು ಆರು ಡಿಗ್ರಿ ಪಶ್ಚಿಮಕ್ಕೆ. ಭೂಮಿ ಒಂದು ಡಿಗ್ರಿ ತಿರುಗಲು ನಾಲ್ಕು ನಿಮಿಷ ಬೇಕು. ಹೀಗಾಗಿ ಊರಿನ ಸೂರ್ಯನಿಗೂ ಗೋಡೆಯ ಗಡಿಯಾರಕ್ಕೂ ಇಪ್ಪತ್ತಮೂರೂವರೆ ನಿಮಿಷದ ಅಂತರ. ನಮ್ಮ ಹಿರಿಯರ ಲೆಕ್ಕದಲ್ಲಿ ದಿನಕ್ಕೆ 60 ಗಳಿಗೆ, ಒಂದು ಗಳಿಗೆಗೆ 24 ನಿಮಿಷ. ದೇಶದ ಜೊತೆ ಒಂದಾಗಲು ಮೈಸೂರು ಕೊಟ್ಟ ಬೆಲೆ ಹೆಚ್ಚುಕಡಿಮೆ ಒಂದು ಗಳಿಗೆ.

ಆ ಗಳಿಗೆಯನ್ನು ಅಳೆಯುತ್ತಿದ್ದ ಸಾಧನ ಬಹಳ ಸರಳ. ತಳದಲ್ಲಿ ಸಣ್ಣ ರಂಧ್ರವಿರುವ ತಾಮ್ರದ ಗಳಿಗೆ ಬಟ್ಟಲನ್ನು ನೀರಿನ ಮೇಲೆ ತೇಲಿಬಿಡುವುದು. ನೀರು ತುಂಬಿ ಬಟ್ಟಲು ಮುಳುಗಿದರೆ ಒಂದು ಗಳಿಗೆ ಮುಗಿಯಿತು. ಕಾಯುವವನು ಅದನ್ನು ಎತ್ತಿ, ಬರಿದು ಮಾಡಿ, ಮತ್ತೆ ತೇಲಿಬಿಡಬೇಕು, ಎಣಿಕೆಗೆ ಒಂದು ಸೇರಿಸಬೇಕು. ಬಟ್ಟಲು ಎಷ್ಟೇ ಕರಾರುವಾಕ್ಕಾಗಿದ್ದರೂ ಕಾಯುವವನಿಗೆ ಜೊಂಪು ಹತ್ತಿದರೆ ಲೆಕ್ಕ ತಪ್ಪುತ್ತದೆ. ಈ ಕಾವಲುಗಾರನನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ಇವನು ಮತ್ತೆ ಬರುತ್ತಾನೆ.

ಊರೂರಿಗೆ ಬೇರೆ ಬೇರೆ ಹೊತ್ತು ಇದ್ದದ್ದು ರೈಲು ಬರುವವರೆಗೆ ಯಾರಿಗೂ ತೊಡಕಾಗಿರಲಿಲ್ಲ. 1870ರಿಂದ ದೇಶದ ರೈಲುಗಳು ಮದ್ರಾಸ್ ಸಮಯವನ್ನು ಅನುಸರಿಸತೊಡಗಿದವು. ಬೆಂಗಳೂರಿನಿಂದ ಹೊರಟ ಹಳಿ 1882ರಲ್ಲಿ ಮೈಸೂರನ್ನು ಮುಟ್ಟಿತು. ಮದ್ರಾಸಿನ ಸೂರ್ಯ ಮೈಸೂರಿನ ಸೂರ್ಯನಿಗಿಂತ ಹದಿನಾಲ್ಕು ನಿಮಿಷಕ್ಕೂ ಹೆಚ್ಚು ಮುಂದೆ. ಊರಿನ ಹೊತ್ತನ್ನು ನಂಬಿ ನಿಲ್ದಾಣಕ್ಕೆ ಹೊರಟವನಿಗೆ ರೈಲು ತಪ್ಪುವುದು ಖಚಿತ. ನಂತರ 1906ರ ಜನವರಿ 1ರಿಂದ ಭಾರತೀಯ ಕಾಲಮಾನ ಜಾರಿಗೆ ಬಂತು. ಎಲ್ಲರೂ ಕೂಡಲೇ ಒಪ್ಪಲಿಲ್ಲ. ಕಲ್ಕತ್ತಾ ಮತ್ತು ಬೊಂಬಾಯಿ ನಗರಗಳು ತಮ್ಮ ಸಮಯವನ್ನು ಸ್ವಾತಂತ್ರ್ಯ ಬರುವವರೆಗೂ ಬಿಟ್ಟುಕೊಡಲಿಲ್ಲ.

ಮೈಸೂರಿನ ಎರಡು ಗೋಪುರಗಳು ಈ ಬದಲಾವಣೆಯ ಎರಡು ದಡಗಳಂತಿವೆ. ದೇವರಾಜ ಮಾರುಕಟ್ಟೆಯ ಬಳಿಯ ಚಿಕ್ಕ ಗಡಿಯಾರ ವೈಸ್‌ರಾಯ್ ಡಫರಿನ್ 1886ರಲ್ಲಿ ಊರಿಗೆ ಬಂದದ್ದರ ನೆನಪಿನದು. ಆಗ ಭಾರತೀಯ ಕಾಲಮಾನವೆಂಬುದೇ ಇರಲಿಲ್ಲ. ಪುರಭವನದ ಹತ್ತಿರದ ದೊಡ್ಡ ಗಡಿಯಾರ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬಕ್ಕೆ, 1927ರಲ್ಲಿ, ಎದ್ದದ್ದು. ಅದರ ಮುಖದ ಮೇಲಿನ ಅಂಕಿಗಳು ಕನ್ನಡದವು. ಆದರೆ ಮುಳ್ಳುಗಳು ಇಂದು ತೋರಿಸುವುದು ಮಿರ್ಜಾಪುರದ ಹೊತ್ತನ್ನು.

ಗೋಪುರ ಕಣ್ಣಳತೆಯಲ್ಲಿರುವವರಿಗೆ ಮಾತ್ರ ಸಮಯ ಹೇಳಬಲ್ಲದು. ಆ ಮಿತಿಯನ್ನು ಮೀರಿದ್ದು ರೇಡಿಯೋ. ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಶುರುಮಾಡಿದ್ದರು. ಮುಂದೆ ಆಕಾಶವಾಣಿಯ 'ಟೂಂ ಟೂಂ' ಸದ್ದಿಗೆ ಕೈಗಡಿಯಾರದ ಕೀಲಿ ತಿರುಗಿಸುವುದು ಮನೆಮನೆಯ ಅಭ್ಯಾಸವಾಯಿತು. ಒಂದು ಕಡೆಯಿಂದ ಹೊರಟ ಸದ್ದು, ಅದನ್ನು ನಂಬಿ ತಿದ್ದಿಕೊಳ್ಳುವ ಸಾವಿರಾರು ಗಡಿಯಾರಗಳು. ಇಂದು ಕಂಪ್ಯೂಟರುಗಳು ಮಾಡುವುದೂ ಇದನ್ನೇ.

ಕಂಪ್ಯೂಟರಿನ ಕಾರ್ಯಾಚರಣೆ ವ್ಯವಸ್ಥೆಯ ತಿರುಳಿಗೆ ಕರ್ನಲ್ ಎಂದು ಹೆಸರು. ಹಳೆಯ ಕರ್ನಲ್‌ಗಳು ಕಾಲವನ್ನು ಎಣಿಸುತ್ತಿದ್ದದ್ದು ಗಳಿಗೆ ಬಟ್ಟಲಿನ ಕ್ರಮದಲ್ಲೇ. ಒಂದು ಸ್ಫಟಿಕದ ಕಂಪನವನ್ನು ಆಧರಿಸಿ ಯಂತ್ರದೊಳಗಿನ ಟೈಮರ್ ನಿಗದಿತ ಅಂತರದಲ್ಲಿ 'ಟಿಕ್' ಎನ್ನುತ್ತದೆ. ಕರ್ನಲ್ ಎದ್ದು ಎಣಿಕೆಗೆ ಒಂದು ಸೇರಿಸುತ್ತದೆ. ಲಿನಕ್ಸ್‌ನಲ್ಲಿ ಮೊದಲು ಸೆಕೆಂಡಿಗೆ 100 ಟಿಕ್ ಇದ್ದವು. 2.6ನೇ ಆವೃತ್ತಿಯಲ್ಲಿ ಅವು 1000ಕ್ಕೆ ಏರಿದವು.

ತೊಂದರೆ ಬಿಗಡಾಯಿಸಿದ್ದು ವರ್ಚುವಲ್ ಮಷೀನುಗಳ ಕಾಲದಲ್ಲಿ. ಇದನ್ನು ಹಳೆಯ ಮೈಸೂರಿನ ವಠಾರದಂತೆ ಊಹಿಸಿಕೊಳ್ಳಬಹುದು. ಕಟ್ಟಡ ಒಂದೇ, ಒಳಗೆ ಹಲವು ಸಂಸಾರ, ಎಲ್ಲರಿಗೂ ಸೇರಿ ಒಂದು ನಲ್ಲಿ. ಒಂದು ದೊಡ್ಡ ಯಂತ್ರದೊಳಗೆ ಹತ್ತಾರು 'ಅತಿಥಿ' ಯಂತ್ರಗಳು ಸರದಿಯ ಮೇಲೆ ಪ್ರೊಸೆಸರ್ ಬಳಸುತ್ತವೆ. ವ್ಯತ್ಯಾಸ ಇಷ್ಟೆ: ವಠಾರದವರಿಗೆ ತಾವು ಕಾಯುತ್ತಿದ್ದೇವೆಂದು ಗೊತ್ತು, ಅತಿಥಿ ಕರ್ನಲ್‌ಗೆ ಅದೂ ಗೊತ್ತಿಲ್ಲ. ಅದರ ಸರದಿ ಇಲ್ಲದಾಗ ಬಂದ ಟಿಕ್‌ಗಳು ಎಣಿಕೆಗೆ ಸಿಗದೆ ಹೋಗುತ್ತವೆ. ಬಟ್ಟಲಿನ ಕಾವಲುಗಾರ ನಿದ್ದೆ ಹೋದಂತೆ, ಅಥವಾ ಭಾಗವತದ ಕಕುದ್ಮಿ ರಾಜನಂತೆ. ಮಗಳು ರೇವತಿಗೆ ವರನನ್ನು ಕೇಳಲು ಬ್ರಹ್ಮಲೋಕಕ್ಕೆ ಹೋದ ಅವನು ಕ್ಷಣಹೊತ್ತು ಸಂಗೀತ ಕೇಳುತ್ತ ಕಾದ. ಅಷ್ಟರಲ್ಲಿ ಭೂಮಿಯ ಮೇಲೆ ಯುಗಗಳೇ ಕಳೆದಿದ್ದವು. ತಡೆದು ನಿಲ್ಲಿಸಿ ಮತ್ತೆ ಎಬ್ಬಿಸಿದ ವರ್ಚುವಲ್ ಮಷೀನಿನ ಸ್ಥಿತಿಯೂ ಹಾಗೆಯೇ.

ಇದಕ್ಕೆ ಮೊದಲು ಕಂಡುಕೊಂಡ ಉಪಾಯ, ತಪ್ಪಿಹೋದ ಟಿಕ್‌ಗಳನ್ನು ಒಟ್ಟುಮಾಡಿ ಆಮೇಲೆ ಬೇಗಬೇಗ ತಲುಪಿಸುವುದು. ಅನಂತರ ಇನ್ನೂ ನೇರವಾದ ದಾರಿ ಸಿಕ್ಕಿತು. ಕೆವಿಎಂನಂಥ ವ್ಯವಸ್ಥೆಗಳಲ್ಲಿ ಆತಿಥೇಯ ಯಂತ್ರ ಸರಿಯಾದ ಸಮಯದ ಲೆಕ್ಕವನ್ನು ಇಬ್ಬರಿಗೂ ಕಾಣುವ ನೆನಪಿನ ಪುಟವೊಂದರಲ್ಲಿ ಬರೆದಿಡುತ್ತದೆ, ಅತಿಥಿ ಅದನ್ನು ಓದಿಕೊಳ್ಳುತ್ತದೆ. ವಠಾರದ ಅಂಗಳದಲ್ಲಿ ಎಲ್ಲರಿಗೂ ಒಂದೇ ಗಡಿಯಾರ ತೂಗುಹಾಕಿದಂತೆ.

ಆದರೆ ಅಂಗಳದ ಗಡಿಯಾರವನ್ನು ಯಾರು ತಿದ್ದಬೇಕು? ಅಮೆರಿಕದ ಡೇವಿಡ್ ಮಿಲ್ಸ್ 1985ರಲ್ಲಿ ರೂಪಿಸಿದ ಎನ್‌ಟಿಪಿ ಎಂಬ ವಿಧಾನ ಈ ಕೆಲಸಕ್ಕಿದೆ. ದೂರದ ನಂಬಿಕಸ್ಥ ಯಂತ್ರಕ್ಕೆ 'ಗಂಟೆ ಎಷ್ಟು' ಎಂದು ಕೇಳಿ, ಉತ್ತರ ಬರಲು ಹಿಡಿದ ಕಾಲದ ಅರ್ಧವನ್ನು ಲೆಕ್ಕಕ್ಕೆ ಸೇರಿಸುವುದು ಅದರ ಮೂಲ ಯುಕ್ತಿ. ವ್ಯತ್ಯಾಸ ಕಂಡರೆ ಅದು ಮುಳ್ಳನ್ನು ಥಟ್ಟನೆ ಸರಿಸುವುದಿಲ್ಲ. ಸಣ್ಣ ತಪ್ಪಾದರೆ ಗಡಿಯಾರದ ನಡಿಗೆಯನ್ನೇ ತುಸು ಚುರುಕು ಅಥವಾ ನಿಧಾನ ಮಾಡುತ್ತದೆ, ಅದೂ ಸೆಕೆಂಡಿಗೆ ಹೆಚ್ಚೆಂದರೆ ಅರ್ಧ ಮಿಲಿಸೆಕೆಂಡು. ಈ ಗತಿಯಲ್ಲಿ ಮೈಸೂರನ್ನು ಭಾರತೀಯ ಕಾಲಮಾನಕ್ಕೆ ತರಲು ಒಂದು ತಿಂಗಳಿಗೂ ಹೆಚ್ಚು ಬೇಕಾಗುತ್ತಿತ್ತು.

ಇಷ್ಟು ಹುಷಾರು ಏಕೆಂದರೆ, ಗಡಿಯಾರ ಹಿಂದಕ್ಕೆ ಜಿಗಿದರೆ ಯಾವುದು ಮೊದಲು, ಯಾವುದು ಆಮೇಲೆ ಎಂಬುದೇ ಕಲಸಿಹೋಗುತ್ತದೆ. ಖಾತೆಗೆ ಹಣ ಬರುವ ಮೊದಲೇ ಖರ್ಚಾದಂತೆ ದಾಖಲಾಗಬಹುದು. ತತ್ಕಾಲ್ ಟಿಕೆಟ್ಟಿನಲ್ಲಿ ಯಾರು ಮುಂದಿದ್ದರು ಎಂಬುದಕ್ಕೆ ಸಾಕ್ಷಿಯೇ ಉಳಿಯುವುದಿಲ್ಲ. 2012ರ ಜುಲೈ 1ರಂದು, ನಮ್ಮ ಮುಂಜಾನೆ ಐದೂವರೆಗೆ, ಜಗತ್ತಿನ ಗಡಿಯಾರಗಳಿಗೆ ಒಂದೇ ಒಂದು ಸೆಕೆಂಡು ಸೇರಿಸಲಾಯಿತು. ಲಿನಕ್ಸ್ ಕರ್ನಲ್‌ನ ಒಂದು ಭಾಗ ಅದನ್ನು ಗಮನಿಸಿತು, ಇನ್ನೊಂದು ಭಾಗಕ್ಕೆ ಸುದ್ದಿ ಮುಟ್ಟಲಿಲ್ಲ. ಅನೇಕ ಸರ್ವರ್‌ಗಳು ಸುಮ್ಮನೆ ಸುತ್ತುತ್ತ ಬಸವಳಿದವು, ರೆಡಿಟ್‌ನಂಥ ಜಾಲತಾಣಗಳು ನಿಂತುಹೋದವು. ಇಂಥ ಹೆಚ್ಚುವರಿ ಸೆಕೆಂಡುಗಳನ್ನು 2035ರೊಳಗೆ ಕೈಬಿಡಬೇಕೆಂದು 2022ರಲ್ಲಿ ಅಂತರರಾಷ್ಟ್ರೀಯ ನಿರ್ಣಯವಾಗಿದೆ.

ಸಮಯದ ಮೇಲಿನ ಹಕ್ಕು ಇಂದಿಗೂ ರಾಜ್ಯಭಾರದ ಸಂಗತಿಯೇ. ಭಾರತೀಯ ಕಾಲಮಾನವನ್ನು ಕಾಪಾಡುವುದು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಪರಮಾಣು ಗಡಿಯಾರಗಳು. ದೇಶದ ಸಂಸ್ಥೆಗಳು ತಮ್ಮ ಯಂತ್ರಗಳನ್ನು ಇದಕ್ಕೆ ಅಥವಾ ರಾಷ್ಟ್ರೀಯ ಮಾಹಿತಿ ಕೇಂದ್ರದ ಸಮಯಕ್ಕೆ ಹೊಂದಿಸಬೇಕೆಂದು 2022ರ ಏಪ್ರಿಲ್‌ನಲ್ಲಿ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ನಿರ್ದೇಶಿಸಿತು. ದೆಹಲಿಯ ಸಮಯವನ್ನು ಹಂಚಲು ಆರಿಸಿಕೊಂಡ ಐದು ಪ್ರಯೋಗಾಲಯಗಳಲ್ಲಿ ಒಂದು ಬೆಂಗಳೂರಿನಲ್ಲಿದೆ. 1906ರ ಆಜ್ಞೆ ನಗರಗಳಿಗಿತ್ತು, ಇದು ಯಂತ್ರಗಳಿಗೆ.

ಹಾಗಾದರೆ ಸ್ವಂತ ಹೊತ್ತಿಗೆ ಜಾಗವೇ ಇಲ್ಲವೇ? ಕರ್ನಲ್ ಇದಕ್ಕೆ ಒಂದು ಜಾಣ ಉತ್ತರ ಕಂಡುಕೊಂಡಿದೆ. ಅದು ಎರಡು ಗಡಿಯಾರಗಳನ್ನು ಇಟ್ಟುಕೊಳ್ಳುತ್ತದೆ. ಒಂದು ಲೋಕದ ಜೊತೆ ಮಾತಾಡಲು, ಅದನ್ನು ಹಿಂದೆ ಮುಂದೆ ತಿದ್ದಬಹುದು. ಇನ್ನೊಂದು ತನ್ನೊಳಗಿನ ಕೆಲಸಗಳ ಅಂತರ ಅಳೆಯಲು. ಅದರ ವೇಗವನ್ನು ತುಸು ತಿದ್ದಬಹುದಾದರೂ ಅದು ಎಂದೂ ಹಿಂದಕ್ಕೆ ಹೋಗುವುದಿಲ್ಲ.

ಮೈಸೂರು ಈ ಏರ್ಪಾಡನ್ನು ಮೊದಲೇ ಮಾಡಿಕೊಂಡಿತ್ತು. ರೈಲಿಗೆ, ಕಚೇರಿಗೆ, ಪರೀಕ್ಷೆಗೆ ಭಾರತೀಯ ಕಾಲಮಾನ. ಮದುವೆ, ಗೃಹಪ್ರವೇಶಗಳಿಗೆ ಈ ಊರಿನದೇ ಒಂಟಿಕೊಪ್ಪಲ್ ಪಂಚಾಂಗ. ಪಂಚಾಂಗದ ಸಂಪ್ರದಾಯದಲ್ಲಿ ದಿನ ಶುರುವಾಗುವುದು ಸೂರ್ಯೋದಯದಿಂದ. ಎಲ್ಲರೊಡನೆ ಒಂದೇ ಹೊತ್ತನ್ನು ಒಪ್ಪಿಕೊಳ್ಳುವುದೆಂದರೆ ನಮ್ಮದನ್ನು ಅಳಿಸಿಹಾಕುವುದಲ್ಲ. ಎರಡನ್ನೂ ಇಟ್ಟುಕೊಂಡು, ಯಾವುದನ್ನು ಯಾವಾಗ ಕೇಳಬೇಕೆಂದು ತಿಳಿದಿರುವುದು.